ಬೀಗರ ಮೆಷಿನಿಗೆ ನಾಲ್ಕು ಪೆಟ್ಟಿಗೆ

ನಗುವುದಕ್ಕೆ ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಗಂಜಿ ಉಂಡು, ಎಲೆ ಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂತರೆ ಸಾಕು, ನಮ್ಮ ಅಂಗಳಕ್ಕೆ ಏನಾದರೊಂದು ತಾನಾಗಿ ನಡೆದು ಬರುತ್ತದೆ. ಆ ವರ್ಷವಂತೂ ಚೌತಿಯಿಂದ ದೀಪಾವಳಿಯ ತನಕ ಸಾಲಾಗಿ ಬಂತು. ಎಲ್ಲವೂ ಒಂದೇ ಒಂದು ಕಪ್ಪು ಮೆಷಿನಿನ ಹಿಂದೆ.

ಬಲೆ ಕಟ್ಟಿದ ಅಂಗಳ

ನನ್ನ ತಮ್ಮ ಮೂವತ್ತೈದು ವರ್ಷ ಮುಂಬೈಯಲ್ಲಿ ಹೋಟೆಲು ನಡೆಸಿ, ಅದನ್ನು ಮಗನ ಕೈಗೆ ಕೊಟ್ಟು, ತೆಕ್ಕಟ್ಟೆಯ ಒಳಗಿನ ನಮ್ಮ ಊರಿಗೆ ಬಂದು ನನ್ನ ಮನೆಯ ಪಕ್ಕದಲ್ಲೇ ಮನೆ ಕಟ್ಟಿಸಿದ. ಅಂಗಳ ಇಬ್ಬರಿಗೂ ಒಂದೇ. ಮುಂಬೈಯಿಂದ ಅವನು ತಂದದ್ದು ಎರಡು, ಸಕ್ಕರೆ ಕಾಯಿಲೆ ಮತ್ತು ಗಾಲ್ಫ್ ಆಟ. ಒಂದಕ್ಕೆ ಇನ್ನೊಂದು ಮದ್ದು ಎಂದು ಅಲ್ಲಿಯ ಡಾಕ್ಟರು ಹೇಳಿದ್ದರಂತೆ. ಎರಡು ತೆಂಗಿನ ಮರದ ನಡುವೆ ಗಂಗೊಳ್ಳಿಯಿಂದ ತಂದ ಹಳೆಯ ಮೀನಿನ ಬಲೆ ಕಟ್ಟಿ, ದಿನಾ ಬೆಳಿಗ್ಗೆ ಕೋಲು ಹಿಡಿದು ಅದಕ್ಕೆ ಚೆಂಡು ಹೊಡೆಯುತ್ತಿದ್ದ. ಮೊದಲ ದಿನವೇ ಮೀನಿನ ಹೆಂಗಸು ಬುಟ್ಟಿ ಇಳಿಸಿ, ಬಲೆಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, "ಎಂತ ಅಯ್ಯ, ನನ್ ಹತ್ರ ತಕಂಬುದ್ ಬಿಟ್ಟ್ ಮರದಲ್ಲೇ ಹಿಡೂಕ್ ಶುರು ಮಾಡಿದ್ರ್ಯಾ?"

ಚೌತಿಗೆ ಬೀಗರು ಬಂದರು. ತಮ್ಮನ ಮಗಳನ್ನು ಅವರ ಮಗನಿಗೆ ಕೊಟ್ಟದ್ದು. ಅವರೂ ಮುಂಬೈ ಹೋಟೆಲಿನವರೇ, ಅವರಿಗೂ ಈ ಚೆಂಡಿನ ಹುಚ್ಚು. ಯಾವಾಗಲೂ ಹೆಂಡತಿಯನ್ನು ಕರೆದುಕೊಂಡು ಬರುವವರು ಆ ಸಲ ಒಬ್ಬರೇ ಬಂದರು, ಕಂಕುಳಲ್ಲಿ ಒಂದು ರಟ್ಟಿನ ಡಬ್ಬಿ. ಅದರೊಳಗೆ ಅಕ್ಕಿ ಅಳೆಯುವ ಸೇರಿನಷ್ಟು ದೊಡ್ಡ ಒಂದು ಮೆಷಿನು. ಅದನ್ನು ಚೆಂಡಿನ ಆಚೆ ಬದಿ ನೆಲದ ಮೇಲೆ ಇಟ್ಟರೆ, ಹೊಡೆದ ಚೆಂಡು ಎಷ್ಟು ವೇಗದಲ್ಲಿ ಹೋಯಿತು, ಬಯಲಾಗಿದ್ದರೆ ಎಲ್ಲಿ ಬೀಳುತ್ತಿತ್ತು ಎಂದು ಫೋನಿನಲ್ಲಿ ತೋರಿಸುತ್ತದಂತೆ. ಅಂದರೆ ಚೆಂಡು ನಮ್ಮ ಬಲೆಗೇ ಬಿದ್ದರೂ, ಗದ್ದೆ ದಾಟಿ ಹೋಯಿತು ಎಂದು ತಮ್ಮ ಖುಷಿಪಡಬಹುದು.

"ಬಾವ," ಎಂದರು ಬೀಗರು, "ಮುಂಬೈಲಿ ಇಡೂಕ್ ಜಾಗ ಇಲ್ಲೆ. ದೀಪಾವಳಿಗ್ ಬತ್ತೆ, ಆಗ ಇಬ್ರೂ ಆಡುವ. ಅಲ್ಲಿವರಿಗೆ ಕಪಾಟಲ್ಲಿಟ್ಟ್ ಕೀಲಿ ಹಾಕಿ. ಹೊಸ್ದ್ ಕಾಣಿ, ಒಂದ್ ಗೀರ್ ಬೀಳುಕಾಗ."

"ಮುಟ್ಟುದ್ ಯಾರ್ ಬಾವ?" ಎಂದ ತಮ್ಮ.

ನಾನು ಅವನ ಮುಖ ನೋಡಿದೆ. ಚಿಕ್ಕಂದಿನಲ್ಲಿ ಬೆಲ್ಲದ ಡಬ್ಬಿಗೆ ಕೈ ಹಾಕುವ ಮೊದಲು ಇದೇ ಮುಖ ಮಾಡುತ್ತಿದ್ದ.

ಮೂರು ದಿನ ತಡೆದ. ನಾಲ್ಕನೆಯ ದಿನ ಮೆಷಿನು ಅಂಗಳದಲ್ಲಿತ್ತು. ಮೊದಲ ಹೊಡೆತವೇ ಕೋಲಿನ ಮೂಲೆಗೆ ತಾಗಿ, ಚೆಂಡು ಬಲೆಯ ಕಡೆ ಹೋಗದೆ ಮೆಷಿನಿನ ತಲೆಯಿಂದ ಎರಡು ಬೆರಳು ಮೇಲೆ ಹಾರಿ ನನ್ನ ಬಚ್ಚಲಿನ ತಾಮ್ರದ ಹಂಡೆಗೆ ಬಡಿಯಿತು. ದೇವಸ್ಥಾನದ ಗಂಟೆಗೂ ಅಷ್ಟು ಸದ್ದಿಲ್ಲ. ತಮ್ಮ ಕೋಲು ಕೆಳಗೆ ಹಾಕಿ ಕಟ್ಟೆಯ ಮೇಲೆ ಕೂತುಬಿಟ್ಟ.

"ಅಕ್ಕಾ, ಎರಡ್ ಬೆರಳ್ ಕೆಳ್ಗೆ ಹೋಯಿದ್ರೆ ಮೆಷಿನ್ ಕತಿ ಮುಗ್ದಿತ್ತ್. ಮಗಳ ಮನಿ ಮೆಟ್ಟಿಲ್ ಇನ್ ಹ್ಯಾಂಗ್ ಹತ್ತುದ್ ನಾನ್?"

"ಹೋಯ್ ಕಪಾಟಲ್ಲಿಡ್," ಎಂದೆ.

"ಅದ್ ಆತಿಲ್ಲೆ. ಅದ್ಕೊಂದ್ ಗಟ್ಟಿ ಪೆಟ್ಗಿ ಮಾಡ್ಸುವ."

ಬೆಲ್ಲ ತಿನ್ನುವುದು ಬಿಡುತ್ತಾನೆ ಎಂದುಕೊಂಡಿದ್ದೆ. ಅವನು ಬಾಯಿ ಒರೆಸಿಕೊಳ್ಳುವ ಬಟ್ಟೆ ಹುಡುಕಲು ಹೊರಟ.

ಹೆಡಿಗೆ

ಮೊದಲ ಪೆಟ್ಟಿಗೆ ನನ್ನದೇ ಸಲಹೆ. ಕೋಳಿ ಮುಚ್ಚುವ ದೊಡ್ಡ ಬೆತ್ತದ ಬುಟ್ಟಿ, ನಾವು ಹೆಡಿಗೆ ಅನ್ನುತ್ತೇವೆ, ಅದನ್ನು ತಂದು ಮೆಷಿನಿನ ಮೇಲೆ ಕವುಚಿದೆ.

"ಅಕ್ಕಾ, ಅದ್ಕೆ ಚೆಂಡ್ ಕಾಣ್ಕ್. ಅದ್ರ ಎದ್ರಿಗೆ ಕಣ್ಣಿತ್ತ್."

ಮೆಷಿನಿಗೂ ಕಣ್ಣಿರುವ ಕಾಲ. ಸರಿ, ಹೆಡಿಗೆಯ ಒಂದು ಬದಿಯಲ್ಲಿ ಕತ್ತಿಯಿಂದ ಕಿಂಡಿ ಕೊಯ್ದೆವು. ಎರಡು ದಿನ ಚೆನ್ನಾಗಿಯೇ ನಡೆಯಿತು. ಒಂದೆರಡು ಚೆಂಡು ಬೆತ್ತಕ್ಕೆ ಬಡಿದು ಬಿದ್ದವು, ಮೆಷಿನಿಗೆ ಏನೂ ಆಗಲಿಲ್ಲ. ಮೂರನೆಯ ದಿನ ತಮ್ಮ ಮೆಷಿನನ್ನು ಆರಿಸದೆ ಹಾಗೇ ಬಿಟ್ಟು, ಚೆಂಡುಗಳನ್ನು ಹೆಡಿಗೆಯ ಒಳಗೆ ತಳ್ಳಿ ಊಟಕ್ಕೆ ಹೋದ. ಉಂಡು ಬಂದು ಕಿಂಡಿಯೊಳಗೆ ಕೈ ಹಾಕಿದವನು ಹಾವು ಮುಟ್ಟಿದವನ ಹಾಗೆ ಕೈ ಎಳೆದುಕೊಂಡ. ಬೆರಳಿನಲ್ಲಿ ರಕ್ತ.

ನಾನು ಬಗ್ಗಿ ನೋಡಿದೆ. ನನ್ನ ಕೆಂಪು ಹೇಂಟೆ. ಒಂದು ವಾರದಿಂದ ಕಾವಿಗೆ ಕೂರಲು ಜಾಗ ಹುಡುಕುತ್ತಾ ಮೂಲೆ ಮೂಲೆ ತಿರುಗುತ್ತಿತ್ತು. ಬೆಚ್ಚಗಿನ ಮೆಷಿನು, ಕತ್ತಲೆಯ ಹೆಡಿಗೆ, ನುಣ್ಣಗಿನ ಐದು ಬಿಳಿ ಚೆಂಡು. ಅದಕ್ಕೆ ಇನ್ನೇನು ಬೇಕು? ರೆಕ್ಕೆ ಅಗಲಿಸಿ ಐದನ್ನೂ ಹೊಟ್ಟೆಯಡಿ ಸೇರಿಸಿಕೊಂಡು ಗುರ್ ಎನ್ನುತ್ತಿತ್ತು.

ಕಾವಿಗೆ ಕೂತ ಕೋಳಿಯನ್ನು ನಾನು ಎಬ್ಬಿಸುವವಳಲ್ಲ. ಸೌಟಿನ ಹಿಡಿಯಿಂದ ಮೆಷಿನನ್ನು ಮಾತ್ರ ಹೊರಗೆಳೆದು ತಮ್ಮನ ಕೈಗೆ ಕೊಟ್ಟೆ.

"ಮತ್ತ್ ನನ್ ಚೆಂಡ್? ಹೆಡಿಗಿ?" ಎಂದ. "ಇದ್ ಯಾವಾಗ ಏಳತ್ತ್?"

"ಇಪ್ಪತ್ತೊಂದ್ ದಿನ," ಎಂದೆ. "ನಿನ್ ಚೆಂಡಿನ ಚಿಪ್ಪ್ ಸ್ವಲ್ಪ ಗಟ್ಟಿ ಕಾಣತ್ತ್. ಒಂದೆರಡ್ ದಿನ ಹೆಚ್ಚೇ ಹಿಡ್ಕಾ."

ಆಚಾರ್ರ ಕೆಲಸ

ವಂಡ್ಸೆ ಕಡೆಯ ಒಬ್ಬರು ಆಚಾರ್ರು ನಮ್ಮ ಮನೆಗೆ ಮೊದಲಿನಿಂದಲೂ ಮರದ ಕೆಲಸ ಮಾಡುವವರು. ಕೈ ಬಂಗಾರ, ಕಿವಿ ಮಾತ್ರ ಅರ್ಧ ಮಾತಿಗೇ ಮುಚ್ಚಿಹೋಗುತ್ತದೆ, ಉಳಿದರ್ಧ ಅವರೇ ತುಂಬಿಕೊಳ್ಳುತ್ತಾರೆ. ತಮ್ಮ ಅವರನ್ನು ಜಗಲಿಯಲ್ಲಿ ಕೂರಿಸಿ ವಿವರಿಸಿದ. ಮೂರು ಬದಿ ಮತ್ತು ಮೇಲೆ ಮುಚ್ಚಿರಬೇಕು. ಎದುರು ತೆರೆದಿರಬೇಕು. ಒಳಗಿರುವುದು ಎದುರು ನಿಂತವನನ್ನು ನೋಡುತ್ತಿರಬೇಕು. ತಾನು ದಿನಾ ಬೆಳಿಗ್ಗೆ ಅದರೆದುರು ತಲೆ ತಗ್ಗಿಸಿ ನಿಲ್ಲುವವನು. ಬಹಳ ಜಾಗ್ರತೆಯ ವಸ್ತು.

ಆಚಾರ್ರು ಅಷ್ಟು ಹೊತ್ತಿಗೆ ಎದ್ದು ನಿಂತಾಗಿತ್ತು. "ಗೊತ್ತಾಯ್ತ್ ಬಿಡಿ. ಇಂಥದ್ದ್ ನಾನ್ ಎಷ್ಟ್ ಮಾಡಿದೆ."

ವಾರ ಬಿಟ್ಟು ಬಿಳಿ ಪಂಚೆಯಲ್ಲಿ ಸುತ್ತಿ ತಂದರು. ಹಳೆಯ ಹಲಸಿನ ಬಾಗಿಲಿನ ಮರದಲ್ಲಿ ಮಾಡಿದ ದೇವರ ಮಂಟಪ. ಎರಡು ಕಂಬ, ಮೇಲೊಂದು ಗೋಪುರ, ಎದುರಿಗೆ ಮೂರು ಮೆಟ್ಟಿಲು, ನೆತ್ತಿಯಲ್ಲಿ ತಾವರೆ ಮೊಗ್ಗು. ತಮ್ಮ ಗೋಪುರವನ್ನು ಸವರಿ ನೋಡಿದ. ಅಷ್ಟು ಚಂದದ ಕೆಲಸಕ್ಕೆ ಬೇಡ ಅನ್ನುವುದು ಹೇಗೆ? ಅಳತೆಯೂ ಮೆಷಿನಿಗೆ ಸರಿಯಾಗಿತ್ತು. ಒಳಗೆ ಇಟ್ಟ. ನಾನೂ ಸುಮ್ಮನಿರಲಿಲ್ಲ. "ಮಂಟಪದ ಎದ್ರಿಗೆ ಬೂಟ್ಸ್ ಹಾಕಂಡ್ ನಿಂತ್ಕಂಬುದಾ? ತೆಗಿ," ಎಂದೆ. ತೆಗೆದ.

ಮರುದಿನ ಪಕ್ಕದ ಮನೆಯ ಮುದುಕಿ, ನನಗಿಂತ ನಾಲ್ಕು ವರ್ಷ ಹಿರಿಯಳು, ಕರಿಬೇವು ಕೊಯ್ದುಕೊಂಡು ಬಂದವಳು ಅಂಗಳದಲ್ಲೇ ನಿಂತಳು. ಮಂಟಪ. ಅದರೆದುರು ಬರಿಗಾಲಿನಲ್ಲಿ ನನ್ನ ತಮ್ಮ, ಸ್ನಾನ ಮಾಡಿ, ತಲೆ ತಗ್ಗಿಸಿ, ಎರಡು ಕೈ ಜೋಡಿಸಿ. ಈ ಆಟದವರು ಹೊಡೆಯುವ ಮೊದಲು ಕೋಲಿನ ಹಿಡಿ ಹಿಡಿದು ಹಾಗೇ ಕಲ್ಲಾಗಿ ನಿಲ್ಲುತ್ತಾರೆ. ಹಿಂದಿನಿಂದ ಬಂದವಳಿಗೆ ಕೋಲು ಕಾಣಲಿಲ್ಲ. ಪಾಪ, ಕರಿಬೇವಿನ ಸೊಪ್ಪನ್ನು ಸೊಂಟಕ್ಕೆ ಸಿಕ್ಕಿಸಿ ತಾನೂ ಕಣ್ಣು ಮುಚ್ಚಿ ಕೈ ಮುಗಿದಳು.

ಆಗ ತಮ್ಮ ಕೋಲು ಎತ್ತಿ ಬೀಸಿದ. ಚೆಂಡು ಸೀದಾ ಮಂಟಪದ ಕಂಬಕ್ಕೆ ಹೋಗಿ, ಕಂಬ ಮುರಿದು, ಗೋಪುರ ಒಂದು ಬದಿಗೆ ವಾಲಿತು. ಮುದುಕಿ ಕಣ್ಣು ಬಿಟ್ಟಳು. ಎದೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲನೆ ಹೇಳಿದಳು, "ಮಗಾ, ಮೊದ್ಲ್ ಒಳ್ಗೆ ಹೋಯ್ ಒಂದ್ ತಪ್ಪುಕಾಣಿಕೆ ಕಟ್ಟಿಡ್. ಯಾವ್ ದೇವ್ರ್ ಅಂದೇಳಿ ಆಮೇಲೆ ಕೇಂಬ."

ಕಬ್ಬಿಣ

ಮೂರನೆಯದು ಕೋಟೇಶ್ವರದ ಒಂದು ಗ್ರಿಲ್ ಅಂಗಡಿಯಲ್ಲಿ ಆದದ್ದು. ಗೇಟು ಮಾಡುವವನು. ದಪ್ಪ ಕಬ್ಬಿಣದ ತಗಡು ಬಗ್ಗಿಸಿ, ಬೆಸುಗೆ ಹಾಕಿ, ಗೂಡ್ಸ್ ರಿಕ್ಷಾದಲ್ಲಿ ಹೇರಿಕೊಂಡು ಬಂದ. ಇಳಿಸಲು ಇಬ್ಬರು ಬೇಕಾಯಿತು. "ಲಾರಿ ಹತ್ತಿರೂ ಇದ್ಕ್ ಎಂತ ಆತಿಲ್ಲೆ ಕಾಣಿ," ಎಂದ.

ಲಾರಿ ಹತ್ತಲಿಲ್ಲ. ಚೆಂಡು ಹತ್ತಿತು. ಕಬ್ಬಿಣಕ್ಕೆ ಬಡಿದ ಚೆಂಡು ಹೋದದ್ದಕ್ಕಿಂತ ಜೋರಾಗಿ ವಾಪಸು ಬಂದು ತಮ್ಮನ ಮುಂಗಾಲಿಗೆ ಕಚ್ಚಿತು. ಅವನು ಒಂಟಿ ಕಾಲಿನಲ್ಲಿ ಅಂಗಳದ ಸುತ್ತ ಕುಣಿದ. ಮರುದಿನ ಎರಡು ಅಡಿಕೆ ಹಾಳೆಯನ್ನು ಮುಂಗಾಲಿಗೆ ಸುತ್ತಿ ಬಾಳೆ ನಾರಿನಿಂದ ಬಿಗಿದು ಆಟಕ್ಕೆ ನಿಂತ. ಅದರ ಮರುದಿನ ತೊಡೆಗೂ ಹಾಳೆ. ಅದರ ಮರುದಿನ ಹೊಟ್ಟೆಗೆ ಹಳೆಯ ಕಂಬಳಿ.

ಯಕ್ಷಗಾನದ ಆಟ ಒಂದನ್ನೂ ಬಿಡದ ಪೋಸ್ಟಿನವರು ಸೈಕಲು ನಿಲ್ಲಿಸಿ ತುಂಬ ಹೊತ್ತು ನೋಡಿ ನನ್ನ ಹತ್ತಿರ ಕೇಳಿದರು, "ಇವತ್ತ್ ಎಲ್ಲಿ ಆಟ? ಇವ್ರದ್ದ್ ಯಾವ್ ವೇಷ?"

ನಾನು ತಮ್ಮನಿಗೆ ಹೇಳಿದೆ, "ಮೆಷಿನಿಗ್ ಪೆಟ್ಗಿ ಆಯ್ತ್. ಇನ್ ನಿನ್ನ ಹಾಕಿಡೂಕ್ ಒಂದ್ ಪೆಟ್ಗಿ ಮಾಡ್ಸುವ."

ತೋಡಿನಲ್ಲಿ ತೇಲಿದ್ದು

ದೀಪಾವಳಿಗೆ ಹದಿನೈದು ದಿನ ಇರುವಾಗ ಗಂಗೊಳ್ಳಿಯಿಂದ ಒಬ್ಬ ಬಂದ. ಫೈಬರ್ ದೋಣಿ ರಿಪೇರಿ ಮಾಡುವವನು, ದೋಣಿಯವರಿಗೆ ಮೀನಿನ ಪೆಟ್ಟಿಗೆಯನ್ನೂ ಮಾಡಿಕೊಡುವವನು. ಅವನು ಕಡಿಮೆ ಮಾತಿನ ಮನುಷ್ಯ. ತಮ್ಮನ ವಿವರಣೆ ಪೂರ್ತಿ ಕೇಳಿದ, ಮೆಷಿನಿನ ಅಳತೆ ತೆಗೆದ, "ಹೂಂ" ಎಂದು ಹೋದ. ಐದು ದಿನ ಬಿಟ್ಟು ತಂದ ಪೆಟ್ಟಿಗೆ ನೋಡಿ ನನಗೇ ಮುಟ್ಟುವ ಆಸೆಯಾಯಿತು. ಎರಡು ಪದರ ಫೈಬರ್, ನಡುವೆ ಥರ್ಮಾಕೋಲ್, ಎದುರಿಗೆ ಕಣ್ಣಿನ ಜಾಗದಲ್ಲಿ ಗಾಜಿನ ಹಾಗೆ ಕಾಣುವ ದಪ್ಪ ಪ್ಲಾಸ್ಟಿಕ್, ಮೇಲೆ ಬಿಗಿ ಮುಚ್ಚಳ. ಬಣ್ಣ ದೋಣಿಯ ನೀಲಿಯೇ. ಮೆಷಿನು ಒಬ್ಬನೇ ಇರಲು ತುಂಬಾ ದೊಡ್ಡ ಮನೆ. "ಸಣ್ಣ ಅಚ್ಚ್ ನನ್ ಹತ್ರ ಇಲ್ಲೆ," ಎಂದ.

ತಮ್ಮ ಮೆಷಿನನ್ನು ಒಳಗಿಟ್ಟು, ಸುತ್ತ ಬಟ್ಟೆ ತುಂಬಿ, ಮುಚ್ಚಳ ಹಾಕಿ ನೋಡಿದ. ಸರಿಯಾಗಿತ್ತು. ಖುಷಿಯಲ್ಲಿ ಚಾ ತರಲು ಒಳಗೆ ಹೋದ. ಎರಡು ಲೋಟ ಹಿಡಿದು ಬಂದರೆ ಅಂಗಳದಲ್ಲಿ ಪೆಟ್ಟಿಗೆಯೂ ಇಲ್ಲ, ಮಾಡಿದವನೂ ಇಲ್ಲ.

ಮನೆಯ ಹಿಂದೆ ಗದ್ದೆಯ ಬದಿಗೆ ಒಂದು ತೋಡು. ಮಳೆ ಬಿಟ್ಟು ಹೆಚ್ಚು ದಿನ ಆಗಿರಲಿಲ್ಲ, ನೀರು ಚೆನ್ನಾಗಿ ಹರಿಯುತ್ತಿತ್ತು. ದೋಣಿಯವನು ಅದರ ದಡದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. ತೋಡಿನ ನಡುವೆ ನೀಲಿ ಪೆಟ್ಟಿಗೆ ಬಾತುಕೋಳಿಯ ಹಾಗೆ ಮೆಲ್ಲನೆ ಕೆಳಗೆ ಸಾಗುತ್ತಿತ್ತು. ಅವನು ಇಪ್ಪತ್ತು ವರ್ಷದ ಕಸುಬಿನಲ್ಲಿ ಮಾಡಿದ ವಸ್ತುವನ್ನು ನೀರಿಗೆ ಬಿಟ್ಟು ನೋಡದೆ ಯಾರ ಕೈಗೂ ಕೊಟ್ಟವನಲ್ಲ.

"ಮೆಷಿನ್ ಒಳ್ಗಿತ್ತ್," ಎಂದು ತಮ್ಮ ಕೂಗಿದ.

"ಇರ್ಲಿ ಅಯ್ಯ. ಭಾರ ಇಲ್ದಿದ್ರೆ ಸರಿ ಗೊತ್ತಾತಿಲ್ಲೆ."

ಎರಡು ಲೋಟ ಚಾ ಗದ್ದೆಗೆ ಹೋಯಿತು. ತಮ್ಮ ಮುಂಡು ಎತ್ತಿ ಕಟ್ಟಿ, ಅಂಗಳದಲ್ಲಿದ್ದ ಗಾಲ್ಫ್ ಕೋಲು ಹಿಡಿದು ಗದ್ದೆಯ ಅಂಚಿನ ಮೇಲೆ ಓಡಿದ. ಅರವತ್ತು ದಾಟಿದವನು, ಸಕ್ಕರೆ ಕಾಯಿಲೆಯವನು, ಹಾಗೆ ಓಡಿದ್ದನ್ನು ನಾನು ಅವನ ಹತ್ತನೇ ವರ್ಷದ ನಂತರ ನೋಡಿರಲಿಲ್ಲ. ಕೆಳಗೆ ತೋಡಿಗೆ ಅಡ್ಡ ಹಾಕಿದ ಮರದ ಸಂಕದ ಹತ್ತಿರ ಸೊಂಟದಷ್ಟು ನೀರಿಗೆ ಇಳಿದು, ಕೋಲಿನ ಕೊಕ್ಕೆಯಿಂದ ಪೆಟ್ಟಿಗೆಯನ್ನು ದಡಕ್ಕೆಳೆದ. ಅದೊಂದು ದಿನ ಅವನ ಕೋಲು ಗುರಿ ತಪ್ಪಲಿಲ್ಲ.

ದಡದಲ್ಲೇ ಕೂತು ಮುಚ್ಚಳ ತೆಗೆದ. ಮೆಷಿನು ಒಣ ಬಟ್ಟೆಯಲ್ಲಿ ತೊಟ್ಟಿಲ ಮಗುವಿನ ಹಾಗೆ ಇತ್ತು. ದೋಣಿಯವನು ಬಂದು ಒಳಗೆ ಬೆರಳಾಡಿಸಿ ನೋಡಿದ. ಸೊಂಟದ ತನಕ ನೆನೆದಿದ್ದ ತಮ್ಮನನ್ನೂ ನೋಡಿದ.

"ಒಂದ್ ತೊಟ್ಟ್ ಒಳ್ಗೆ ಹೋಯ್ಲಿಲ್ಲ ಕಾಣಿ," ಎಂದ. "ಚಾ ಎಲ್ಲಿ?"

ಬೀಗರು ಬಂದರು

ಆ ಪೆಟ್ಟಿಗೆ ನಿಜವಾಗಿಯೂ ಗೆದ್ದಿತು. ಎಷ್ಟು ಚೆಂಡು ಬಡಿದರೂ ಬೊಪ್ ಎಂದು ಸದ್ದಾಗಿ ಅಲ್ಲೇ ಬೀಳುತ್ತಿತ್ತು. ಮೆಷಿನಿಗೆ ಕೂದಲೆಳೆಯ ಗೀರಿಲ್ಲ. ಪೆಟ್ಟಿಗೆಯ ನೀಲಿ ಬಣ್ಣ ಮಾತ್ರ ಅಲ್ಲಲ್ಲಿ ಎದ್ದು, ಸೀತಾಳೆ ಸಿಡುಬಿನ ಹಾಗೆ ಮೈತುಂಬ ಬಿಳಿ ಬೊಟ್ಟು. ಬೀಗರು ಬರುವ ಮುಂಚಿನ ದಿನ ಮೆಷಿನನ್ನು ಒರೆಸಿ ರಟ್ಟಿನ ಡಬ್ಬಿಗೆ ಹಾಕಿ ಕಪಾಟಿಗೆ, ಪೆಟ್ಟಿಗೆಯನ್ನು ಕೊಟ್ಟಿಗೆಗೆ ಎಂದು ತಮ್ಮ ತೀರ್ಮಾನ ಮಾಡಿಕೊಂಡಿದ್ದ.

ಬೀಗರು ಎರಡು ದಿನ ಮುಂಚೆ ಬಂದರು. ಅದೂ ಬೆಳಿಗ್ಗೆ ಎಂಟು ಗಂಟೆಗೆ, ರೈಲಿಳಿದು ಸೀದಾ ರಿಕ್ಷಾದಲ್ಲಿ. ತಮ್ಮ ಕೋಲೆತ್ತಿ ನಿಂತಿದ್ದ. ಬಲೆ ಕಟ್ಟಿತ್ತು. ಮೆಷಿನು ಪೆಟ್ಟಿಗೆಯೊಳಗಿಂದ ಹಸಿರು ದೀಪ ಹಾಕಿಕೊಂಡು ತನ್ನ ಯಜಮಾನರನ್ನೇ ನೋಡುತ್ತಿತ್ತು.

ತಮ್ಮನ ಕೋಲು ಎತ್ತಿದಲ್ಲೇ ನಿಂತಿತು. ಬೀಗರ ಒಂದು ಕಾಲು ರಿಕ್ಷಾದೊಳಗೆ, ಒಂದು ಹೊರಗೆ. ಅವರ ಮುಖ ಬಿಳಿಚಿತು. ಆಯಿತು, ನಮ್ಮ ಮಗಳು ಇನ್ನು ಆ ಮನೆಯಲ್ಲಿ ಈ ಮಾತನ್ನು ಜನ್ಮಪೂರ್ತಿ ಕೇಳಬೇಕು ಎಂದು ನಾನು ಲೆಕ್ಕ ಹಾಕಿದೆ. ಅಷ್ಟರಲ್ಲಿ ಆಚೆ ಬದಿಯಿಂದ ಬೀಗಿತ್ತಿ ಇಳಿದರು. ಈ ಸಲ ಅವರೂ ಬಂದಿದ್ದರು.

"ಅದೆಂತ?" ಎಂದರು ಬೀಗಿತ್ತಿ.

ತಮ್ಮ ಬಾಯಿ ತೆರೆಯುವ ಮೊದಲೇ ಬೀಗರು ಹೇಳಿದರು, "ಅದ್ ಬಾವಂದ್ ಮೆಷಿನ್."

ತಮ್ಮ ಹಿಂದೆ ತಿರುಗಿ ನೋಡಿದ, ಬೇರೆ ಯಾವ ಬಾವ ಬಂದು ನಿಂತಿದ್ದಾರೆ ಎಂದು. ಯಾರೂ ಇರಲಿಲ್ಲ.

"ಓ, ಇದಾ?" ಬೀಗಿತ್ತಿ ಸೆರಗು ಸಿಕ್ಕಿಸಿಕೊಂಡು ಹತ್ತಿರ ಹೋದರು. "ಅಕ್ಕ, ಇಂಥದ್ದೇ ಒಂದ್ ತಕಂತೆ ಅಂದೇಳಿ ಇವ್ರ್ ಒಂದ್ ವರ್ಷ ನನ್ ತಲಿ ತಿಂದ್ರ್. ಆ ಮೆಷಿನ್ ಮನಿ ಒಳ್ಗೆ ಬಂದ್ರೆ ನಾನ್ ಹೊರ್ಗೆ ಹೋತೆ ಅಂದೆ. ಮತ್ತ್ ಬಾಯ್ ಬಿಡ್ಲಿಲ್ಲ."

ಮುಂಬೈಯಲ್ಲಿ ಜಾಗ ಯಾಕೆ ಇರಲಿಲ್ಲ ಎಂದು ನನಗೆ ಆಗ ತಿಳಿಯಿತು. ತಮ್ಮನಿಗೂ ತಿಳಿಯಿತು. ಅವನ ಕೋಲು ಮೆಲ್ಲನೆ ಕೆಳಗಿಳಿಯಿತು, ಮುಖಕ್ಕೆ ರಕ್ತ ವಾಪಸು ಬಂತು.

"ಅಣ್ಣಯ್ಯ, ಈ ಬಿಳಿ ಬೊಟ್ಟ್ ಎಂತ?"

"ಚೆಂಡ್ ತಾಗಿದ್ದ್," ಎಂದ ತಮ್ಮ.

"ಇಷ್ಟೂ?" ಎಂದರು ಬೀಗರು. ಅವರ ದನಿ ಕೀರಲಾಗಿತ್ತು.

"ತಾಗ್ಲಿ ಬಿಡಿ, ಅವ್ರ ಮೆಷಿನ್, ಅವ್ರ ಪೆಟ್ಗಿ. ನಿಮ್ಗೆಂತ?" ಎಂದರು ಬೀಗಿತ್ತಿ. "ಕಾಣಿ, ಅಣ್ಣಯ್ಯ ಎಷ್ಟ್ ಜಾಗ್ರತೆ ಮಾಡಿದ್ರ್. ನಿಮ್ ಕೈಯಲ್ಲಾದ್ರೆ ಎರಡೇ ದಿನ."

ನಾಲ್ಕು ದಿನ ಇದ್ದರು. ದಿನಾ ಬೆಳಿಗ್ಗೆ ಬೀಗರು ಹೆಂಡತಿಯ ಎದುರು ತಮ್ಮನ ಹತ್ತಿರ ಕೇಳಬೇಕು, "ಬಾವ, ಒಂದ್ ಸಲ ಹೊಡಿಲಾ?" ತಮ್ಮ ದೊಡ್ಡ ಮನಸ್ಸು ಮಾಡಿ ಹೇಳುತ್ತಿದ್ದ, "ನೀವ್ ಹೊಡೀನಿ ಬಾವ. ಮೆಷಿನ್ ಮಾತ್ರ ಜಾಗ್ರತೆ, ಹೊಸ್ದ್." ಒಂದು ಸಲ ಬೀಗರ ಚೆಂಡು ಪೆಟ್ಟಿಗೆಗೆ ತಾಗಿತು. ಬೀಗಿತ್ತಿ ಜಗಲಿಯಿಂದಲೇ, "ಬೇರೆಯವ್ರ ವಸ್ತು ಅಂಬು ನೆನಪಿರ್ಲಿ," ಎಂದರು. ನಾನು ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡೆ.

ಹೊರಡುವ ದಿನ ಬೀಗಿತ್ತಿ ಅಂಜಲು, ಬಂಗುಡೆ ಮೀನು ಎಲ್ಲ ಕೊಂಡರು, ಮುಂಬೈಗೆ ಒಯ್ಯಲು. ಹಾಕಲು ಪೆಟ್ಟಿಗೆ ಹುಡುಕುತ್ತಾ ಕೊಟ್ಟಿಗೆ, ಅಟ್ಟ ಎಲ್ಲ ತಿರುಗಿ ಅಂಗಳಕ್ಕೆ ಬಂದವರು ನೀಲಿ ಪೆಟ್ಟಿಗೆಯ ಎದುರು ಕೂತು, ಮುಚ್ಚಳ ತೆಗೆದು, ಒಳಗೆ ಬಡಿದು ನೋಡಿದರು. "ಅಣ್ಣಯ್ಯ, ಇದ್ ಮೀನಿನ ಪೆಟ್ಗಿಯೇ ಅಲ್ದಾ? ಐಸ್ ಹಾಕಿರೆ ಮುಂಬೈವರಿಗೆ ಎಂತ ಆತಿಲ್ಲೆ. ಮೆಷಿನ್ ನಿಮ್ಗಿರ್ಲಿ, ಪೆಟ್ಗಿ ನಂಗ್ ಕೊಡಿ."

ಬೀಗಿತ್ತಿ ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲ ಅನ್ನುವ ಕ್ರಮ ನಮ್ಮಲ್ಲಿಲ್ಲ. ತಮ್ಮ ಮೆಷಿನನ್ನು ಹೊರತೆಗೆದು ಎದೆಗೊತ್ತಿ ಹಿಡಿದುಕೊಂಡ. ಪೆಟ್ಟಿಗೆಗೆ ಐಸು ಬಿತ್ತು, ಮೀನು ಬಿತ್ತು.

ಕುಂದಾಪುರದ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಬೀಗರು ಕಿಟಕಿಯ ಬದಿ ಕೂತಿದ್ದರು, ಮಡಿಲಲ್ಲಿ ನೀಲಿ ಪೆಟ್ಟಿಗೆ. ರೈಲು ಅಲುಗಾಡುತ್ತಲೇ ಕಿಟಕಿಯ ಸರಳಿಗೆ ಬಾಯಿ ಇಟ್ಟು ತಮ್ಮನಿಗೆ ಪಿಸುಗುಟ್ಟಿದರು, "ಬಾವ, ಇನ್ ಅದ್ಕೆ ಪೆಟ್ಗಿ ಇಲ್ಲೆ. ನನ್... ಆ ಮೆಷಿನ್ ಜಾಗ್ರತೆ."

ಒಳಗಿಂದ ಬೀಗಿತ್ತಿಯ ದನಿ ಕೇಳಿತು, "ಹ್ವಾಯ್, ಅವ್ರ ಮೆಷಿನ್ ಅವ್ರ್ ಕಂಡ್ಕಂತ್ರ್. ನೀವ್ ಪೆಟ್ಗಿ ಸರಿ ಹಿಡ್ಕಣಿ, ಬಂಗುಡಿ ನೀರ್ ಪ್ಯಾಂಟಿಗ್ ಬೀಳತ್ತ್."